ಕಲಿಸುವವರಿಗೂ ಕಲಿಸಿದ ಗುರು ಕಾರ್ಲ್ ಚೆರ್ನಿ



ನಮ್ಮ ಪುಟದ ಜೀವನ ಪರಿಚಯ ಅಂಕಣದಲ್ಲಿ ಹೆಚ್ಚಾಗಿ ನಮ್ಮ ನಾಡಿನ ಕವಿಗಳು, ಭಾಗವತರು, ಶಾಲಾ ಮಾಸ್ತರರು ಬರುತ್ತಾರೆ. ಈ ಸಲ ಸ್ವಲ್ಪ ದೂರ ಹೋಗೋಣ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಇನ್ನೂರು ವರ್ಷಗಳ ಹಿಂದೆ ಪಿಯಾನೊ ಪಾಠ ಹೇಳುತ್ತಿದ್ದ ಕಾರ್ಲ್ ಚೆರ್ನಿಯವರ ಜೀವನವನ್ನು ನೋಡೋಣ. ಪಿಯಾನೊ ಕಲಿಯುವ ಮಕ್ಕಳಿಗೆ ಈ ಹೆಸರು ಗೊತ್ತು. ಅಭ್ಯಾಸದ ಪುಸ್ತಕದ ಮೇಲೆ ಅದು ಅಚ್ಚಾಗಿರುತ್ತದೆ, ಅದನ್ನು ಕಂಡೊಡನೆ ಅನೇಕ ಮಕ್ಕಳು ಮುಖ ಸಿಂಡರಿಸುತ್ತಾರೆ. ಪುಸ್ತಕದ ಹಿಂದೆ ಒಬ್ಬ ಮನುಷ್ಯನಿದ್ದ, ಆತ ವೇದಿಕೆಯ ಕೀರ್ತಿಯನ್ನು ಬಿಟ್ಟು ಪಾಠದ ಕೋಣೆಯನ್ನು ಆರಿಸಿಕೊಂಡ ಎಂಬುದು ಕಡಿಮೆ ಜನರಿಗೆ ತಿಳಿದಿದೆ.

ಪಿಯಾನೊವನ್ನು ಹತ್ತಿರದಿಂದ ನೋಡದವರಿಗಾಗಿ ಒಂದು ಮಾತು. ನಮ್ಮ ಭಜನಾ ಮಂದಿರಗಳ ಹಾರ್ಮೋನಿಯಂನಲ್ಲಿ ಸಾಮಾನ್ಯವಾಗಿ ಒಂದು ಕೈ ತಿದಿ ಒತ್ತುತ್ತದೆ, ಇನ್ನೊಂದು ಕೈ ಮನೆಗಳ ಮೇಲೆ ಆಡುತ್ತದೆ. ಪಿಯಾನೊದಲ್ಲಿ ಎರಡೂ ಕೈಗಳ ಹತ್ತು ಬೆರಳುಗಳಿಗೂ ಕೆಲಸ. ಮನೆ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು ದನಿ. ಇಂದಿನ ಪಿಯಾನೊದಲ್ಲಿ 88 ಮನೆಗಳಿವೆ. ಯಾವ ಸ್ವರಕ್ಕೆ ಯಾವ ಬೆರಳು ಎಂಬುದು ಸರಿಯಾಗಿ ಕೂರದಿದ್ದರೆ ಮುಂದೆ ಕೈ ತೊಡರುತ್ತದೆ. ಆದ್ದರಿಂದ ಈ ವಾದ್ಯದಲ್ಲಿ ಮೊದಲ ವರ್ಷದ ಗುರು ಬಹಳ ಮುಖ್ಯ.

ಬಾಲ್ಯ

ಕಾರ್ಲ್ ಚೆರ್ನಿ 1791ರ ಫೆಬ್ರವರಿ 21ರಂದು ವಿಯೆನ್ನಾದಲ್ಲಿ ಹುಟ್ಟಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಮೊಜಾರ್ಟ್ ತೀರಿಕೊಂಡರು. ಚೆರ್ನಿ ಎಂದರೆ ಚೆಕ್ ಭಾಷೆಯಲ್ಲಿ ಕಪ್ಪು ಎಂದರ್ಥ. ಮನೆತನ ಬೊಹೆಮಿಯಾ ಪ್ರಾಂತದ್ದು, ಮನೆಮಾತು ಚೆಕ್. ತಂದೆ ವೆನ್ಜೆಲ್ ಪಿಯಾನೊ ಕಲಿಸುತ್ತಿದ್ದರು, ಆರ್ಗನ್ ಮತ್ತು ಓಬೊ ನುಡಿಸುತ್ತಿದ್ದರು, ಪಿಯಾನೊ ರಿಪೇರಿಯನ್ನೂ ಮಾಡುತ್ತಿದ್ದರು. ಮಗು ಆರು ತಿಂಗಳಿನದಾಗಿದ್ದಾಗ ಸಂಸಾರ ಪೋಲೆಂಡಿಗೆ ಹೋಯಿತು. ಅಲ್ಲಿಯ ರಾಜಕೀಯ ಗಲಭೆಯಿಂದಾಗಿ 1795ರಲ್ಲಿ ಮತ್ತೆ ವಿಯೆನ್ನಾಕ್ಕೆ ಬಂತು.

ವಿಯೆನ್ನಾದ ಮಾತು ಜರ್ಮನ್. ಆದರೆ ಬಾಲಕ ಕಾರ್ಲ್ ಹತ್ತು ವರ್ಷದ ಹತ್ತಿರವಾಗುವವರೆಗೆ ಜರ್ಮನ್ ಸರಿಯಾಗಿ ಮಾತಾಡುತ್ತಿರಲಿಲ್ಲ, ಮನೆಯೊಳಗೆ ಚೆಕ್ ನಡೆಯುತ್ತಿತ್ತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಎಂಬ ಸ್ಥಿತಿ ಗಡಿನಾಡಿನ ನಮಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಅವನು ಒಬ್ಬನೇ ಮಗ. ಬೇರೆ ಮಕ್ಕಳ ಜೊತೆ ಆಟಕ್ಕೆ ಹೋದದ್ದು ಕಡಿಮೆ, ಸದಾ ತಂದೆತಾಯಿಯ ಕಣ್ಣಮುಂದೆಯೇ ಬೆಳೆದವನು. ಮೂರನೆಯ ವಯಸ್ಸಿಗೆ ಪಿಯಾನೊ ಮುಂದೆ ಕೂತ. ಏಳಕ್ಕೆ ಸ್ವಂತ ರಚನೆಗಳನ್ನು ಬರೆಯತೊಡಗಿದ. 1800ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಮೊಜಾರ್ಟ್ ಅವರ ಒಂದು ಕಾನ್ಸರ್ಟೊವನ್ನು ಸಾರ್ವಜನಿಕವಾಗಿ ನುಡಿಸಿದ.

ಬೀಥೋವನ್ ಅವರ ಮನೆಯಲ್ಲಿ

ಈ ಸಂಸಾರಕ್ಕೆ ಕ್ರುಂಫೋಲ್ಜ್ ಎಂಬ ಪಿಟೀಲು ವಾದಕರ ಪರಿಚಯವಿತ್ತು. ಅವರು ಬೀಥೋವನ್ ಅವರ ಪರಮ ಅಭಿಮಾನಿ. ಅವರೇ ಸುಮಾರು ಹತ್ತು ವರ್ಷದ ಕಾರ್ಲ್‌ನನ್ನು ತಂದೆಯ ಜೊತೆ ಬೀಥೋವನ್ ಅವರ ಮನೆಗೆ ಕರೆದುಕೊಂಡು ಹೋದರು. ಆಗ ಬೀಥೋವನ್‌ಗೆ ವಯಸ್ಸು ಮೂವತ್ತು. ಕೋಣೆ ತುಂಬ ಕಾಗದ, ಬಟ್ಟೆಬರೆ ಚೆಲ್ಲಾಪಿಲ್ಲಿ. ಕಪ್ಪು ಕೂದಲು ಕೆದರಿ ನಿಂತಿದೆ, ಮೈಮೇಲೆ ದಪ್ಪ ರೋಮದ ಉಡುಪು. ಹುಡುಗನಿಗೆ ಅವರು ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ರಾಬಿನ್ಸನ್ ಕ್ರೂಸೋನ ಹಾಗೆ ಕಂಡರಂತೆ. ಇನ್ನೊಂದನ್ನೂ ಹುಡುಗ ಗಮನಿಸಿದ. ಅವರ ಕಿವಿಗಳಲ್ಲಿ ಹಳದಿ ಔಷಧದಲ್ಲಿ ಅದ್ದಿದ ಹತ್ತಿ ಇತ್ತು. ಮುಂದೆ ಬಂದ ಕಿವುಡುತನದ ಮೊದಲ ಗುರುತು ಅದೇ ಎಂದು ಚೆರ್ನಿಯವರು ಬಹಳ ವರ್ಷಗಳ ಮೇಲೆ ನೆನೆದರು.

ಹುಡುಗ ಮೊಜಾರ್ಟ್ ನುಡಿಸಿದ. ಆಮೇಲೆ ಬೀಥೋವನ್ ಅವರದೇ ಪಥೆಟಿಕ್ ಸೊನಾಟಾ ನುಡಿಸಿದ. ಬೀಥೋವನ್ ಶಿಷ್ಯನಾಗಿ ಒಪ್ಪಿಕೊಂಡರು. ಜೊತೆಗೆ ತಂದೆಗೆ ಒಂದು ಕೆಲಸ ಹೇಳಿದರು: ಸಿ. ಪಿ. ಇ. ಬಾಖ್ ಅವರು ಬರೆದ ವಾದನ ಶಿಕ್ಷಣದ ಗ್ರಂಥವನ್ನು ತರಬೇಕು, ಮುಂದಿನ ಪಾಠಕ್ಕೆ ಹುಡುಗ ಅದರೊಂದಿಗೇ ಬರಬೇಕು.

ಇಷ್ಟು ದೊಡ್ಡ ಸಂಗೀತಗಾರರ ಮೊದಲ ಪಾಠಗಳಲ್ಲಿ ಏನಿತ್ತು? ಬರೀ ಸ್ವರಶ್ರೇಣಿ. ಎಲ್ಲ ಶ್ರುತಿಗಳಲ್ಲೂ ಆರೋಹಣ, ಅವರೋಹಣ. ಕೈ ಹೇಗಿರಬೇಕು, ಬೆರಳು ಎಷ್ಟು ಬಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೆಬ್ಬೆರಳನ್ನು ಬಳಸುವುದು ಹೇಗೆ ಎಂಬುದರ ಅಭ್ಯಾಸ. ಅಂದಿನ ಅನೇಕ ವಾದಕರು ಹೆಬ್ಬೆರಳಿನಿಂದ ಪೂರ್ತಿ ಕೆಲಸ ತೆಗೆಯುತ್ತಿರಲಿಲ್ಲ. ಐದೇ ಬೆರಳುಗಳಿಂದ ಎಂಟು ಸ್ವರ ಏರಬೇಕಾದರೆ ನಡುವೆ ಹೆಬ್ಬೆರಳು ಉಳಿದ ಬೆರಳುಗಳ ಅಡಿಯಿಂದ ನುಸುಳಿ ಮುಂದೆ ಬರಬೇಕು. ಅದು ಕೇಳುವವರ ಕಿವಿಗೆ ಗೊತ್ತಾಗಬಾರದು. ಆಮೇಲೆ ಸ್ವರದಿಂದ ಸ್ವರಕ್ಕೆ ಎಳೆ ಕಡಿಯದಂತೆ ನುಡಿಸುವ ಪಾಠ ಬಂತು.

ನಮ್ಮಲ್ಲಿ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಕ್ರಮವನ್ನು ನೆನೆಯಿರಿ. ಮಾಯಾಮಾಳವಗೌಳದಲ್ಲಿ ಸರಳೆ ವರಿಸೆ, ಜಂಟಿ ವರಿಸೆ, ಅಲಂಕಾರ. ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ. ದೇಶ ಬೇರೆ, ವಾದ್ಯ ಬೇರೆ, ಆದರೆ ದಾರಿ ಒಂದೇ. ಮಕ್ಕಳನ್ನು ತರಗತಿಗೆ ಕರೆತರುವ ಹಿರಿಯರು ಹಾಡು ಯಾವಾಗ ಶುರುವಾಗುತ್ತದೆ ಎಂದು ನನ್ನಲ್ಲಿ ಆಗಾಗ ವಿಚಾರಿಸುತ್ತಾರೆ. ಬೀಥೋವನ್ ಅವರಂಥ ಗುರುವೂ ಅಷ್ಟು ಪ್ರತಿಭೆಯ ಶಿಷ್ಯನಿಗೆ ಸರಳೆಯನ್ನೇ ಮೊದಲು ಕೊಟ್ಟರು ಎಂಬುದು ಅವರಿಗೆ ಸಮಾಧಾನ ತಂದೀತು.

ಪಾಠ ಬಹಳ ವರ್ಷ ನಡೆಯಲಿಲ್ಲ. ಬೀಥೋವನ್ ರಚನೆಯಲ್ಲಿ ಮುಳುಗಿದ್ದಾಗ ಪಾಠ ತಪ್ಪುತ್ತಿತ್ತು. ಮಗನನ್ನು ಕರೆದುಕೊಂಡು ಹೋಗಬೇಕಾದ ತಂದೆಗೆ ತಮ್ಮ ಪಾಠಗಳನ್ನು ಬಿಟ್ಟರೆ ಅಂದಿನ ಸಂಪಾದನೆಯೂ ಹೋಗುತ್ತಿತ್ತು. ಹಾಗಾಗಿ 1803ರ ಹೊತ್ತಿಗೆ ನಿಯತ ಪಾಠ ನಿಂತಿತು. ಸ್ನೇಹ ಮಾತ್ರ ನಿಲ್ಲಲಿಲ್ಲ. ಹುಡುಗನ ನೆನಪಿನ ಶಕ್ತಿ ಅಸಾಧಾರಣ. ಬೀಥೋವನ್ ಅವರ ಪೋಷಕರಾಗಿದ್ದ ಲಿಖ್ನೋವ್ಸ್ಕಿ ಎಂಬ ರಾಜಮನೆತನದವರ ಅರಮನೆಗೆ ಹೋಗಿ, ಅವರು ಕೇಳಿದ ಬೀಥೋವನ್ ಕೃತಿಯನ್ನು ಪುಸ್ತಕ ನೋಡದೆ ನುಡಿಸುತ್ತಿದ್ದ.

ವೇದಿಕೆಯಿಂದ ಪಾಠದ ಕೋಣೆಗೆ

1805ರಲ್ಲಿ ಮಗನನ್ನು ಊರೂರು ಕಚೇರಿಗೆ ಕರೆದೊಯ್ಯಬೇಕೆಂದು ತಂದೆ ಯೋಚಿಸಿದರು. ಬೀಥೋವನ್ ಆ ವರ್ಷದ ಡಿಸೆಂಬರ್ 7ರಂದು ಒಂದು ಪ್ರಶಂಸಾಪತ್ರವನ್ನೂ ಬರೆದುಕೊಟ್ಟರು. ಆದರೆ ನವೆಂಬರಿನಲ್ಲೇ ನೆಪೋಲಿಯನ್ನನ ಸೈನ್ಯ ವಿಯೆನ್ನಾಕ್ಕೆ ನುಗ್ಗಿತ್ತು. ಯುದ್ಧದ ನಡುವೆ ಪ್ರವಾಸ ಎಲ್ಲಿಂದ? ಯೋಜನೆ ಬಿದ್ದುಹೋಯಿತು.

ಕಾರಣ ಅದೊಂದೇ ಆಗಿರಲಿಲ್ಲ. ಜನರನ್ನು ಬೆರಗುಗೊಳಿಸುವ ಆಡಂಬರ ತಮ್ಮ ವಾದನದಲ್ಲಿಲ್ಲ ಎಂದು ಚೆರ್ನಿಯವರಿಗೇ ಅನಿಸಿತ್ತು. ಸಭೆಯ ಮುಂದೆ ಕೂರುವುದೆಂದರೆ ಅವರಿಗೆ ಸಂಕೋಚ. ಹದಿನೈದನೆಯ ವಯಸ್ಸಿನಲ್ಲಿ ಅವರು ಕಲಿಸಲು ಶುರು ಮಾಡಿದರು. ಬೇಗನೆ ಹೆಸರು ಬಂತು, ದೊಡ್ಡ ಮನೆಗಳಿಂದ ಕರೆ ಬಂತು. ಪಿಯಾನೊ ಆಗ ಮಧ್ಯಮ ವರ್ಗದ ಮನೆಗಳಿಗೂ ಬರುತ್ತಿದ್ದ ಕಾಲ. ಪ್ರತಿ ಪಿಯಾನೊ ಜೊತೆಗೂ ಒಬ್ಬ ಕಲಿಸುವವರು ಬೇಕು. ಚೆರ್ನಿಯವರು ದಿನಕ್ಕೆ ಹತ್ತು ಹನ್ನೆರಡು ಗಂಟೆ ಪಾಠ ಹೇಳಿದರು, ಅದೂ 1836ರವರೆಗೆ. ಸ್ವಂತ ರಚನೆಯೆಲ್ಲ ಪಾಠ ಮುಗಿದ ಮೇಲೆ, ರಾತ್ರಿಯಲ್ಲಿ. ನಾನು ಗುಮಾಸ್ತನಾಗಿ ನಿವೃತ್ತನಾದವನು. ಬೆಳಿಗ್ಗೆ ರಿಜಿಸ್ಟರಿಗೆ ಸಹಿ ಹಾಕಿ ಸಂಜೆಯವರೆಗೆ ಒಂದೇ ಕುರ್ಚಿಯಲ್ಲಿ ಕೂರುವುದೆಂದರೇನು ಎಂದು ಬಲ್ಲೆ. ಮೂವತ್ತು ವರ್ಷ, ದಿನಕ್ಕೆ ಹತ್ತು ಗಂಟೆ, ಎಳೆಯರ ತಪ್ಪು ಸ್ವರಗಳನ್ನು ಕೇಳುತ್ತ ಕೂರುವುದಕ್ಕೆ ಬೇರೆಯೇ ತಾಳ್ಮೆ ಬೇಕು.

ವೇದಿಕೆಯನ್ನು ಅವರು ಪೂರ್ತಿ ಬಿಟ್ಟಿರಲಿಲ್ಲ. 1812ರ ಫೆಬ್ರವರಿಯಲ್ಲಿ ಬೀಥೋವನ್ ಅವರ ಐದನೆಯ ಪಿಯಾನೊ ಕಾನ್ಸರ್ಟೊ ವಿಯೆನ್ನಾದಲ್ಲಿ ಮೊದಲ ಬಾರಿ ಕೇಳಿಬಂದಾಗ ನುಡಿಸಿದವರು ಚೆರ್ನಿಯವರೇ. ಅಷ್ಟರಲ್ಲಿ ಬೀಥೋವನ್‌ಗೆ ಕಿವಿ ಕೇಳಿಸುವುದು ತೀರಾ ಕಡಿಮೆಯಾಗಿತ್ತು.

ಗುರುವಿನ ಸಿಟ್ಟು, ಗುರುವಿನ ಪತ್ರ

1816ರಲ್ಲಿ ಬೀಥೋವನ್ ತಮ್ಮ ಸಾಕುಮಗನಂತಿದ್ದ ತಮ್ಮನ ಮಗ ಕಾರ್ಲ್‌ನನ್ನು ಪಾಠಕ್ಕೆ ಚೆರ್ನಿಯವರ ಬಳಿ ಬಿಟ್ಟರು. ಹೇಗೆ ಕಲಿಸಬೇಕು ಎಂದು ಒಂದು ಪತ್ರದಲ್ಲಿ ಬರೆದರು. ಅದರ ಸಾರಾಂಶ ಹೀಗಿದೆ. ಬೆರಳ ಕ್ರಮ ಸರಿಯಾಗಿ, ತಾಳ ಸರಿಯಾಗಿ, ಸ್ವರಗಳು ಹೆಚ್ಚುಕಡಿಮೆ ಸರಿಯಾಗಿ ಬರತೊಡಗಿದ ಮೇಲೆ ಹುಡುಗನ ಭಾವದ ಕಡೆ ನೋಡಬೇಕು. ಸಣ್ಣ ತಪ್ಪುಗಳಿಗಾಗಿ ನಡುವೆ ನಿಲ್ಲಿಸಬಾರದು, ಕೃತಿ ಮುಗಿದ ಮೇಲೆ ತಿಳಿಸಬೇಕು. ಇದು ಸಂಗೀತಗಾರರನ್ನು ಬೇಗ ಬೆಳೆಸುವ ಕ್ರಮ ಎಂಬುದು ಬೀಥೋವನ್ ಅವರ ನಂಬಿಕೆ. ಮನೆಯಲ್ಲಿ ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುವ ನಮ್ಮ ಹಿರಿಯ ಸದಸ್ಯರು ಇದನ್ನು ಒಂದು ವಾರ ಮಾಡಿ ನೋಡಬಹುದು. ವಾಕ್ಯದ ನಡುವೆ ತಿದ್ದುವ ಚಪಲ ತಡೆಯುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ಒಂದು ಕಚೇರಿಯಲ್ಲಿ ಬೀಥೋವನ್ ಅವರ ಪಂಚವಾದ್ಯ ಕೃತಿಯನ್ನು ನುಡಿಸುವಾಗ ಚೆರ್ನಿಯವರು ಯೌವನದ ಉತ್ಸಾಹದಲ್ಲಿ ಕೆಲವು ಅಲಂಕಾರಗಳನ್ನು ಸೇರಿಸಿದರು, ಕೆಲವು ಕಡೆ ಸ್ವರಗಳನ್ನು ಮೇಲಿನ ಸ್ಥಾಯಿಗೆ ಏರಿಸಿದರು. ಬೀಥೋವನ್ ಎಲ್ಲರ ಎದುರಿಗೇ ಗದರಿಬಿಟ್ಟರು. ಮಾರನೆಯ ದಿನ ಅವರಿಂದ ಒಂದು ಪತ್ರ ಬಂತು. ಅಷ್ಟು ಜನರ ಮುಂದೆ ಸಿಟ್ಟು ಮಾಡಿದ್ದಕ್ಕೆ ಕ್ಷಮೆ ಕೇಳಿದ್ದರು. ಆದರೆ ಬರೆದದ್ದು ಬರೆದ ಹಾಗೆಯೇ ಕೇಳಿಸಬೇಕೆಂಬ ಮಾತನ್ನು ಬಿಟ್ಟುಕೊಟ್ಟಿರಲಿಲ್ಲ. ಗುರುವಿನ ಪ್ರೀತಿಯೂ ನಿಷ್ಠುರವೂ ಒಂದೇ ಕಾಗದದಲ್ಲಿ ಬಂದವು. ಚೆರ್ನಿಯವರು ಇದನ್ನು ಮರೆಯಲಿಲ್ಲ. ಮೂವತ್ತು ವರ್ಷಗಳ ಮೇಲೆ ತಾವೇ ಶಿಕ್ಷಕರಿಗಾಗಿ ಬರೆದಾಗ, ಬೀಥೋವನ್ ಕೃತಿಗಳಿಗೆ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು ಎಂಬ ನಿಯಮವನ್ನು ಸ್ಪಷ್ಟವಾಗಿ ಹಾಕಿದರು. 1827ರಲ್ಲಿ ಬೀಥೋವನ್ ಅವರ ಅಂತಿಮ ಯಾತ್ರೆಯಲ್ಲಿ ಪಂಜು ಹಿಡಿದು ನಡೆದವರಲ್ಲಿ ಚೆರ್ನಿಯವರೂ ಒಬ್ಬರು.

ಪುಟ್ಟ ಲಿಸ್ಟ್

1819ರಲ್ಲಿ ಒಬ್ಬ ತಂದೆ ಎಂಟು ವರ್ಷದ ಮಗನನ್ನು ಕರೆದುಕೊಂಡು ಚೆರ್ನಿಯವರ ಮನೆಗೆ ಬಂದರು. ಹುಡುಗ ಬಿಳಿಚಿಕೊಂಡಿದ್ದ, ರೋಗಿಷ್ಠನಂತಿದ್ದ. ನುಡಿಸುವಾಗ ಅಮಲೇರಿದವನಂತೆ ಕುರ್ಚಿಯ ಮೇಲೆ ಅತ್ತಿತ್ತ ಓಲಾಡುತ್ತಿದ್ದ, ಬಿದ್ದೇಬಿಡುತ್ತಾನೇನೋ ಎನಿಸುವಂತೆ. ಬೆರಳ ಕ್ರಮ ಎಂಬುದೇ ಇಲ್ಲ, ತಾಳ ನಿಲ್ಲುತ್ತಿರಲಿಲ್ಲ. ಆದರೆ ಪ್ರಕೃತಿ ಕೊಟ್ಟ ಪ್ರತಿಭೆ ಕಣ್ಣು ಕುಕ್ಕುವಂತಿತ್ತು. ಅವನೇ ಫ್ರಾನ್ಜ್ ಲಿಸ್ಟ್, ಮುಂದೆ ಯೂರೋಪನ್ನೆಲ್ಲ ಮರುಳು ಮಾಡಿದ ಪಿಯಾನೊ ವಾದಕ.

1822ರಲ್ಲಿ ಲಿಸ್ಟ್ ಸಂಸಾರ ವಿಯೆನ್ನಾಕ್ಕೆ ಬಂದು ನೆಲೆಸಿತು. ಹಗಲೆಲ್ಲ ಪಾಠಗಳಿದ್ದುದರಿಂದ ಚೆರ್ನಿಯವರು ಈ ಹುಡುಗನಿಗಾಗಿ ಸಂಜೆಗಳನ್ನು ಕೊಟ್ಟರು, ಹೆಚ್ಚುಕಡಿಮೆ ಪ್ರತಿದಿನ. ಮನೆಯವರು ಬಡವರು, ಇದ್ದ ನೌಕರಿ ಬಿಟ್ಟು ಮಗನಿಗಾಗಿ ಬಂದವರು. ಚೆರ್ನಿಯವರು ಅವರಿಂದ ಪಾಠದ ಹಣ ತೆಗೆದುಕೊಳ್ಳಲಿಲ್ಲ. ಚೆರ್ನಿಯವರ ತಂದೆತಾಯಿಗೂ ಹುಡುಗ ಮನೆಮಗನಂತಾದ.

ಪಾಠದಲ್ಲಿ ಮಾತ್ರ ರಿಯಾಯಿತಿ ಇರಲಿಲ್ಲ. ಕಂಡದ್ದನ್ನೆಲ್ಲ ನೋಡಿದ ಕೂಡಲೇ ನುಡಿಸಿಬಿಡುವ ಹುಡುಗನಿಗೆ ಮತ್ತೆ ಸ್ವರಶ್ರೇಣಿ, ಮತ್ತೆ ಕ್ಲೆಮೆಂಟಿಯವರ ಸೊನಾಟಾಗಳು, ಮತ್ತೆ ತಾಳ. ಹುಡುಗನಿಗೆ ಬೇಸರ, ಕೆಲವೊಮ್ಮೆ ಸಿಟ್ಟು. ಕೆಲವೇ ತಿಂಗಳಲ್ಲಿ ಆ ತೊನೆಯುವ ವಾದನಕ್ಕೆ ಬೆನ್ನೆಲುಬು ಬಂತು. 1822ರ ಡಿಸೆಂಬರ್ 1ರಂದು ಹುಡುಗ ವಿಯೆನ್ನಾದಲ್ಲಿ ಕಚೇರಿ ಕೊಟ್ಟು ಊರಿಗೆ ಊರೇ ಮಾತಾಡುವಂತೆ ಮಾಡಿದ.

ಮುಂದಿನದು ಗುರುವಿಗೆ ನೋವಿನ ಸಂಗತಿ. 1823ರಲ್ಲಿ ತಂದೆ ಮಗನನ್ನು ಕರೆದುಕೊಂಡು ಪ್ಯಾರಿಸಿನ ಕಡೆ ಹೊರಟರು. ಕಲಿಕೆ ಚೆನ್ನಾಗಿ ಹತ್ತುತ್ತಿದ್ದ ಹೊತ್ತಿನಲ್ಲಿ ಸಂಪಾದನೆಯ ಆಸೆಯಿಂದ ಪಾಠ ನಿಂತಿತು ಎಂಬ ಕೊರಗು ಚೆರ್ನಿಯವರಲ್ಲಿ ಉಳಿಯಿತು. ವರ್ಷಗಳ ಮೇಲೆ, 1837ರಲ್ಲಿ, ಪ್ಯಾರಿಸಿನಲ್ಲಿ ಶಿಷ್ಯನ ವಾದನ ಕೇಳಿದಾಗ ಅದ್ಭುತ ಚಳಕದ ನಡುವೆಯೂ ಅದು ಅವರಿಗೆ ಕಾಡುಕಾಡಾಗಿ, ಗೊಂದಲವಾಗಿ ಕಂಡಿತು. ಹೊಗಳುವವರ ನಡುವೆ ಹಾಗೆ ಹೇಳಬಲ್ಲವರು ಮೊದಲ ಗುರು ಒಬ್ಬರೇ.

ಲಿಸ್ಟ್ ಕೃತಘ್ನರಲ್ಲ. ಪಿಯಾನೊ ಸಾಹಿತ್ಯದಲ್ಲೇ ಅತಿ ಕಠಿಣವೆನಿಸಿದ ತಮ್ಮ ಹನ್ನೆರಡು ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳನ್ನು 1852ರಲ್ಲಿ ಅಂತಿಮ ರೂಪದಲ್ಲಿ ಪ್ರಕಟಿಸಿದಾಗ ಅವನ್ನು ಗುರು ಚೆರ್ನಿಯವರಿಗೆ ಅರ್ಪಿಸಿದರು. ಇನ್ನೂ ದೊಡ್ಡ ಗುರುದಕ್ಷಿಣೆ ಬೇರೆ ಇದೆ. ವಯಸ್ಸಾದ ಮೇಲೆ ಲಿಸ್ಟ್ ತಾವೂ ಶಿಷ್ಯರಿಂದ ಹಣ ತೆಗೆದುಕೊಳ್ಳದೆ ಕಲಿಸಿದರು.

ಕಲಿಸುವವರಿಗಾಗಿ ಬರೆದದ್ದು

ಚೆರ್ನಿಯವರ ಪ್ರಕಟಿತ ಕೃತಿಗಳ ಸಂಖ್ಯೆ 861ರವರೆಗೆ ಹೋಗುತ್ತದೆ. ಅವುಗಳಲ್ಲಿ ಅಭ್ಯಾಸದ ಪುಸ್ತಕಗಳೇ ಹೆಚ್ಚು ಪ್ರಸಿದ್ಧ. ಹೊಸಬರಿಗೆ ನೂರು ಪಾಠಗಳ 599ನೆಯ ಕೃತಿ, ವೇಗಕ್ಕೆ ನಲವತ್ತು ಪಾಠಗಳ 299, ಬೆರಳ ನೈಪುಣ್ಯಕ್ಕೆ ಐವತ್ತು ಪಾಠಗಳ 740. ಒಂದೊಂದು ಪಾಠದಲ್ಲೂ ಒಂದೇ ತೊಡಕು ಇರುತ್ತದೆ. ಅದು ಬಿಡಿಸುವವರೆಗೆ ಬೇರೆ ತೊಡಕು ಬರುವುದಿಲ್ಲ. ಮುಂದಿನ ಪಾಠ ಹಿಂದಿನದರ ಮೇಲೆ ಕೂರುತ್ತದೆ, ಮೆಟ್ಟಿಲಿನ ಮೇಲೆ ಮೆಟ್ಟಿಲು.

ಇವೆಲ್ಲ ಕಲಿಯುವವರಿಗೆ. ಕಲಿಸುವವರಿಗೆ? ಪಿಯಾನೊ ಹೆಚ್ಚುತ್ತಿತ್ತು, ಒಳ್ಳೆಯ ಶಿಕ್ಷಕರು ಅಷ್ಟು ಬೇಗ ಹೆಚ್ಚುತ್ತಿರಲಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಹನ್ನೆರಡು ಗಂಟೆ ದುಡಿದರೂ ಎಷ್ಟು ಮಕ್ಕಳಿಗೆ ಕಲಿಸಬಲ್ಲ? 1839ರಲ್ಲಿ ಅವರ 500ನೆಯ ಕೃತಿ ಹೊರಬಂತು. ಪಿಯಾನೊ ಶಿಕ್ಷಣದ ಸಂಪೂರ್ಣ ಗ್ರಂಥ, ಮೂರು ದೊಡ್ಡ ಸಂಪುಟಗಳು. ಪೀಠದ ಎತ್ತರ, ಕೈಯ ನಿಲುವು ಇಲ್ಲಿಂದ ಶುರುವಾಗಿ ಬೆರಳ ಕ್ರಮ, ಭಾವ, ಪುಸ್ತಕ ನೋಡಿದ ಕೂಡಲೇ ನುಡಿಸುವುದು, ನೆನಪಿನಿಂದ ನುಡಿಸುವುದು, ವಾದ್ಯವನ್ನು ಶ್ರುತಿ ಮಾಡಿ ಕಾಪಾಡುವುದು, ಇವೆಲ್ಲ ಅದರಲ್ಲಿವೆ. ಮುಂದೆ 1846ರ ಹೊತ್ತಿಗೆ ಸೇರಿಸಿದ ಭಾಗದಲ್ಲಿ ಬೀಥೋವನ್ ಅವರ ಪಿಯಾನೊ ಕೃತಿಗಳನ್ನು ಒಂದೊಂದಾಗಿ ತೆಗೆದುಕೊಂಡು, ಹೇಗೆ ನುಡಿಸಬೇಕು, ಮೆಟ್ರೊನೋಮ್ ಎಂಬ ತಾಳಯಂತ್ರದ ಪ್ರಕಾರ ಎಷ್ಟು ವೇಗವಿರಬೇಕು ಎಂದು ಅಂಕಿಗಳಲ್ಲಿ ಬರೆದಿಟ್ಟರು. ಬೀಥೋವನ್ ತೀರಿಕೊಂಡು ಆಗಲೇ ಹತ್ತೊಂಬತ್ತು ವರ್ಷ. ಅವರ ವಾದನವನ್ನು ಹತ್ತಿರದಿಂದ ಕೇಳಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ತಮ್ಮ ಕಿವಿಯಲ್ಲಿದ್ದದ್ದು ತಮ್ಮೊಂದಿಗೇ ಹೋಗಬಾರದು ಎಂದು ಅವರು ಅದನ್ನು ಕಾಗದಕ್ಕೆ ಇಳಿಸಿದರು. ಆ ಅಂಕಿಗಳನ್ನು ಇಂದಿಗೂ ವಾದಕರು ತೆರೆದು ನೋಡುತ್ತಾರೆ, ಅವುಗಳ ಮೇಲೆ ವಾದಿಸುತ್ತಾರೆ.

ಇನ್ನೊಂದು ಪುಟ್ಟ ಪುಸ್ತಕವನ್ನು ಹೇಳದಿದ್ದರೆ ಈ ಪರಿಚಯ ಅಪೂರ್ಣ. ನಗರದಿಂದ ದೂರ, ಹಳ್ಳಿಯ ಕಡೆ ಇರುವ ಸೆಸಿಲಿಯಾ ಎಂಬ ಹನ್ನೆರಡು ವರ್ಷದ ಹುಡುಗಿಯನ್ನು ಕಲ್ಪಿಸಿಕೊಂಡು ಅವಳಿಗೆ ಪತ್ರಗಳ ರೂಪದಲ್ಲಿ ಪಾಠ ಹೇಳಿದ ಪುಸ್ತಕ ಅದು. ದಿನಕ್ಕೆ ಮೂರು ಗಂಟೆ ಸಿಕ್ಕರೆ ಅರ್ಧ ಗಂಟೆ ಬೆರಳ ಅಭ್ಯಾಸಕ್ಕೆ, ಅರ್ಧ ಗಂಟೆ ಹಳೆಯ ಪಾಠಕ್ಕೆ, ಉಳಿದದ್ದು ಹೊಸ ಪಾಠಕ್ಕೆ ಎಂದು ಸಮಯ ಹಂಚಿಕೊಟ್ಟಿದ್ದಾರೆ. ಕಲಿತದ್ದನ್ನು ಮರೆಯದಿರುವುದೂ ಕಲಿಕೆಯ ಭಾಗ ಎಂಬುದು ಅವರ ಲೆಕ್ಕ. ಗಂಟಲು ಏರಿಸದೆ, ಹೆದರಿಸದೆ, ಎದುರಿಗೆ ಕೂತು ಮಾತಾಡಿದಂತೆ ಬರೆದಿದ್ದಾರೆ. ಒಳ್ಳೆಯ ಗುರು ಹತ್ತಿರದಲ್ಲಿಲ್ಲದ ಮಗುವನ್ನು ನೆನೆದು ಬರೆದರಲ್ಲ, ಅದಕ್ಕಾಗಿಯೇ ನನಗೆ ಅವರ ಮೇಲೆ ಹೆಚ್ಚಿನ ಗೌರವ.

ಒಣ ಮಾಸ್ತರ ಎಂಬ ಹೆಸರು

ಚೆರ್ನಿಯವರಿಗೆ ಟೀಕೆಯೂ ಸಾಕಷ್ಟು ಬಂತು. ಸಂಗೀತಗಾರ ಶುಮನ್ ತಮ್ಮ ಪತ್ರಿಕೆಯಲ್ಲಿ ಅವರ ಕೃತಿಗಳನ್ನು ಕಟುವಾಗಿ ವಿಮರ್ಶಿಸಿದರು, ಕಲ್ಪನೆಯೇ ಇಲ್ಲವೆಂಬ ಧಾಟಿಯಲ್ಲಿ. ಪ್ರಕಾಶಕರು ಕೇಳಿದ್ದನ್ನೆಲ್ಲ ಬರೆದುಕೊಟ್ಟರು ಎಂಬುದರಲ್ಲಿ ಸತ್ಯವಿದೆ. ಒಂದೇ ಸಮಯಕ್ಕೆ ಹಲವು ಮೇಜುಗಳ ಮೇಲೆ ಹಲವು ರಚನೆಗಳನ್ನಿಟ್ಟುಕೊಂಡು, ಒಂದರ ಶಾಯಿ ಆರುವಷ್ಟರಲ್ಲಿ ಇನ್ನೊಂದನ್ನು ಮುಂದುವರಿಸುತ್ತಿದ್ದರೆಂಬ ಮಾತು ಪ್ರಚಲಿತವಿದೆ. ಬಾಖ್ ಕೃತಿಗಳನ್ನು ಸಂಪಾದಿಸುವಾಗ ಮೂಲದಲ್ಲಿ ಇಲ್ಲದ ವೇಗ, ಏರಿಳಿತದ ಸೂಚನೆಗಳನ್ನು ಸೇರಿಸಿದ್ದನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ.

ಆದರೆ ಒಣ ಮಾಸ್ತರ ಎಂಬ ಹೆಸರು ಪೂರ್ತಿ ನ್ಯಾಯವಲ್ಲ. ನಮ್ಮ ಮನೋಧರ್ಮ ಸಂಗೀತದ ಹಾಗೆ, ಸ್ಥಳದಲ್ಲೇ ಕಲ್ಪಿಸಿ ನುಡಿಸುವುದನ್ನು ಕಲಿಸುವ ಪುಸ್ತಕವನ್ನೇ ಅವರು 1829ರಲ್ಲಿ ಪ್ರಕಟಿಸಿದ್ದರು. ಸಿಂಫೊನಿಗಳು, ಚರ್ಚ್ ಸಂಗೀತ, ತಂತಿವಾದ್ಯಗಳ ಚತುಷ್ಟಯಗಳು ಹೀಗೆ ಗಂಭೀರ ರಚನೆಗಳೂ ಬಹಳ ಇದ್ದವು. ಅವುಗಳಲ್ಲಿ ಎಷ್ಟೋ ಹಸ್ತಪ್ರತಿಯಲ್ಲೇ ಉಳಿದವು. 2002ರಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ಚೆರ್ನಿಯವರ ಕೃತಿಗಳಿಗಾಗಿಯೇ ಒಂದು ಸಂಗೀತೋತ್ಸವ ನಡೆದಾಗ ಜನರು ಅವುಗಳನ್ನು ಹೊಸದಾಗಿ ಕೇಳಿದರು. ಫ್ರಾನ್ಸಿನ ಡೆಬುಸಿ 1915ರಲ್ಲಿ ಬರೆದ ಎಟ್ಯೂಡ್‌ಗಳಲ್ಲಿ ಮೊದಲನೆಯದರ ತಲೆಬರಹದಲ್ಲೇ ಚೆರ್ನಿಯವರನ್ನು ನಗುನಗುತ್ತ ನೆನೆದಿದ್ದಾರೆ.

ಎಲ್ಲರ ಕೈಗೂ ಅಭ್ಯಾಸ ಕೊಟ್ಟವರ ಸ್ವಂತ ಸಂಗೀತ ಕಪಾಟಿನಲ್ಲಿ ಉಳಿಯಿತು. ಇದು ಕಲಿಸುವ ಕೆಲಸಕ್ಕೆ ಅವರು ತೆತ್ತ ಬೆಲೆ.

ಶಿಷ್ಯರ ಶಿಷ್ಯರು

ಬೆಲೆ ತೆತ್ತು ಪಡೆದದ್ದೇನು ಎಂದು ಲೆಕ್ಕ ಹಾಕೋಣ. ನಿಯತ ಪಾಠ ನಿಲ್ಲಿಸಿದ ಮೇಲೂ ವಿಶೇಷ ಪ್ರತಿಭೆ ಕಂಡರೆ ಚೆರ್ನಿಯವರು ಇಲ್ಲವೆನ್ನುತ್ತಿರಲಿಲ್ಲ. ಹಾಗೆ ಬಂದವರಲ್ಲಿ ಪೋಲೆಂಡಿನ ಕಡೆಯ ಥಿಯೊಡೊರ್ ಲೆಶೆಟಿಟ್ಸ್ಕಿ ಒಬ್ಬರು. ಬಂದಾಗ ಸುಮಾರು ಹನ್ನೊಂದು ವರ್ಷ, ಹದಿನಾಲ್ಕರ ಹೊತ್ತಿಗೆ ತಾವೇ ಪಾಠ ಹೇಳತೊಡಗಿದರು. ಮುಂದೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1862ರಲ್ಲಿ ಸಂಗೀತ ವಿದ್ಯಾಲಯ ಶುರುವಾದಾಗ ಅಲ್ಲಿಯ ಪಿಯಾನೊ ವಿಭಾಗಕ್ಕೆ ಬುನಾದಿ ಹಾಕಿದರು. 1878ರಲ್ಲಿ ವಿಯೆನ್ನಾಕ್ಕೆ ಮರಳಿದ ಮೇಲೆ ಅವರ ಮನೆಗೆ ಅಮೆರಿಕದಿಂದಲೂ ಶಿಷ್ಯರು ಬಂದರು.

ಅಲ್ಲಿಯ ಪದ್ಧತಿ ಗಮನಿಸಬೇಕಾದದ್ದು. ಹೊಸ ಶಿಷ್ಯರು ನೇರವಾಗಿ ಗುರುಗಳ ಮುಂದೆ ಕೂರುವಂತಿರಲಿಲ್ಲ. ಮೊದಲು ಗುರುಗಳ ಸಹಾಯಕರ ಬಳಿ ತಳಪಾಯ ಹಾಕಿಸಿಕೊಳ್ಳಬೇಕು. ಆ ಸಹಾಯಕರೂ ಗುರುಗಳಿಂದಲೇ ಕಲಿತವರು. ಹೀಗೆ ಕಲಿಸುತ್ತ ಕಲಿಸುತ್ತ ಅವರೂ ಗುರುಗಳಾದರು. ಅವರಲ್ಲಿ ಅನೆಟ್ ಎಸಿಪೋವಾ ಒಬ್ಬರು. ಅವರು ರಷ್ಯಾಕ್ಕೆ ಮರಳಿ ಪ್ರೊಕೊಫಿಯೆವ್ ಅವರಂಥವರಿಗೆ ಕಲಿಸಿದರು. ಲೆಶೆಟಿಟ್ಸ್ಕಿಯವರ ಇನ್ನೊಬ್ಬ ಶಿಷ್ಯ ಪಾಡೆರೆವ್ಸ್ಕಿ 1919ರಲ್ಲಿ ಪೋಲೆಂಡಿನ ಪ್ರಧಾನಿಯೇ ಆದರು. ಮತ್ತೊಬ್ಬ ಶಿಷ್ಯ ಆರ್ಟುರ್ ಶ್ನಾಬೆಲ್ 1930ರ ದಶಕದಲ್ಲಿ ಬೀಥೋವನ್ ಅವರ 32 ಸೊನಾಟಾಗಳನ್ನೂ ಮೊತ್ತಮೊದಲ ಬಾರಿಗೆ ಪೂರ್ತಿಯಾಗಿ ಧ್ವನಿಮುದ್ರಿಸಿದರು. ಬೀಥೋವನ್, ಚೆರ್ನಿ, ಲೆಶೆಟಿಟ್ಸ್ಕಿ, ಶ್ನಾಬೆಲ್. ನಾಲ್ಕು ತಲೆಮಾರು ದಾಟಿ ಆ ಸಂಗೀತ ಗ್ರಾಮಫೋನ್ ತಟ್ಟೆಗೆ ಬಂತು.

ಇನ್ನೊಬ್ಬ ಶಿಷ್ಯ ಥಿಯೊಡೊರ್ ಕುಲಾಕ್ 1855ರಲ್ಲಿ ಬರ್ಲಿನ್ನಿನಲ್ಲಿ ಸ್ವಂತ ಸಂಗೀತ ಶಾಲೆ ತೆರೆದು ಅದನ್ನು ಜರ್ಮನಿಯ ದೊಡ್ಡ ಖಾಸಗಿ ಸಂಗೀತ ಶಾಲೆಯಾಗಿ ಬೆಳೆಸಿದರು. ಲಿಸ್ಟ್ ಅವರ ಶಿಷ್ಯಪರಂಪರೆಯನ್ನು ಬರೆಯಹೊರಟರೆ ಈ ಪುಟ ಸಾಲದು. ಇವರೆಲ್ಲರ ಬೇರು ಒಂದೇ ಪಾಠದ ಕೋಣೆಯಲ್ಲಿದೆ.

ಕೊನೆಯ ವರ್ಷಗಳು

ಚೆರ್ನಿಯವರು ಮದುವೆಯಾಗಲಿಲ್ಲ. ತಂದೆತಾಯಿ ಇರುವವರೆಗೂ ಅವರೊಂದಿಗೇ ಇದ್ದರು, ಅವರು ಹೋದ ಮೇಲೆ ಒಂಟಿ ಬದುಕು. ಸಾಕಿದ ಬೆಕ್ಕುಗಳೇ ಮನೆಯ ಸಂಗಡಿಗರು. 1842ರಲ್ಲಿ ತಮ್ಮ ಜೀವನದ ನೆನಪುಗಳನ್ನು ಚಿಕ್ಕದಾಗಿ ಬರೆದರು. ಅದರಲ್ಲಿ ತಮಗಿಂತ ಬೀಥೋವನ್ ಅವರಿಗೆ ಹೆಚ್ಚು ಜಾಗ ಕೊಟ್ಟಿದ್ದಾರೆ ಎನ್ನಬಹುದು. ಆರೋಗ್ಯ ಕೆಡುತ್ತ ಬಂದು, 1857ರ ಜುಲೈ 15ರಂದು ವಿಯೆನ್ನಾದಲ್ಲಿ ತೀರಿಕೊಂಡರು. ವಯಸ್ಸು 66.

ಪಾಠದಿಂದಲೂ ಪುಸ್ತಕಗಳಿಂದಲೂ ಬಂದ ಹಣ ದೊಡ್ಡ ಮೊತ್ತವಾಗಿತ್ತು. ಖರ್ಚು ಮಾಡುವ ಸ್ವಭಾವ ಅವರದಲ್ಲ. ಉಯಿಲನ್ನು ತೆರೆದಾಗ ಆ ಹಣ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ, ವಿಯೆನ್ನಾದ ಸಂಗೀತಪ್ರಿಯರ ಸಂಘಕ್ಕೆ, ಹಲವು ಧರ್ಮಸಂಸ್ಥೆಗಳಿಗೆ ಹಂಚಿಕೆಯಾಗಿತ್ತು. ಅವುಗಳಲ್ಲಿ ಕಿವಿ ಕೇಳದವರ ಸಂಸ್ಥೆಯೂ ಒಂದು. ಹತ್ತು ವರ್ಷದ ಹುಡುಗ ತನ್ನ ಗುರುವಿನ ಕಿವಿಯಲ್ಲಿ ಕಂಡ ಹತ್ತಿಯನ್ನು ಓದುಗರು ತಾವೇ ನೆನಪಿಸಿಕೊಳ್ಳಬಹುದು.

ಬಂಧುಗಳೇ, ಈ ಜೀವನವನ್ನು ಓದಿ ಮುಗಿಸಿದಾಗ ನನಗೆ ತೋಚಿದ್ದು ಒಂದೇ ವಿಷಯ. ಒಂದು ವಿದ್ಯೆ ಉಳಿಯಬೇಕಾದರೆ ಅದನ್ನು ಬಲ್ಲ ಪ್ರತಿಭಾವಂತರು ಇದ್ದರೆ ಸಾಲದು, ಕಲಿಸಬಲ್ಲವರು ತಯಾರಾಗಬೇಕು. ಭಾಗವತಿಕೆ ಇರಲಿ, ಚೆಂಡೆ ಮದ್ದಳೆ ಇರಲಿ, ಕನ್ನಡ ಅಕ್ಷರವೇ ಇರಲಿ, ಗಡಿನಾಡಿನಲ್ಲಿ ಕಲಿಯಬೇಕೆನ್ನುವ ಮಕ್ಕಳು ಈಗಲೂ ಇದ್ದಾರೆ. ಮುಂದಿನ ಇಪ್ಪತ್ತು ವರ್ಷ ಅವರ ಎದುರಿಗೆ ಕೂರುವವರು ಯಾರು ಎಂಬುದೇ ಪ್ರಶ್ನೆ.

ಆದ್ದರಿಂದ ಒಂದು ವಿನಂತಿ. ಸಂಘದ ತರಗತಿಗಳಲ್ಲಿ ನಾಲ್ಕೈದು ವರ್ಷ ಕಲಿತ ಹುಡುಗ ಹುಡುಗಿಯರು ಹೊಸದಾಗಿ ಸೇರಿದ ಮಕ್ಕಳಿಗೆ ವಾರದಲ್ಲಿ ಒಂದು ಗಂಟೆ ಮೊದಲ ಪಾಠ ಹೇಳಿಕೊಡಲಿ, ಗುರುಗಳು ಪಕ್ಕದಲ್ಲಿ ಕೂತು ನೋಡಲಿ. ಈ ಬಗ್ಗೆ ನಮ್ಮ ಗುರುಗಳ ಒಪ್ಪಿಗೆ ಕೇಳಿದ್ದೇನೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಆಸಕ್ತಿಯುಳ್ಳ ಮಕ್ಕಳ ಹಿರಿಯರು ತರಗತಿಯ ದಿನ ನನ್ನಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇನೆ. ಹೆಸರು ಬರೆಯುವ ಪುಸ್ತಕ ತೆರೆದಿಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ